ಹೊರಗಿನ ಚಿಲಕ

ಗಾಣದ ಮನೆಯ ಒಲೆಯ ಮುಂದೆ ಕೂತರೆ ಎದೆಗೆ ಬೆಂಕಿ, ಬೆನ್ನಿಗೆ ಚಳಿ. ಸಂಕ್ರಾಂತಿ ಮುಗಿದು ನಾಲ್ಕು ದಿನವಾಗಿತ್ತು. ಗಡಹಿಂಗ್ಲಜದ ನಮ್ಮ ಹೊಲದಲ್ಲಿ ಕಬ್ಬು ಅರೆಯುವುದು ಹಗಲೂ ರಾತ್ರಿ ನಡೆದಿತ್ತು. ಕಾಹಿಲಿಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಗುಳವ್ಯಾ ಭೇಂಡಿ ಗಿಡ ಜಜ್ಜಿದ ಲೋಳೆ ಹಾಕಿ, ಮೇಲೆ ಬಂದ ಕೊಳೆಯನ್ನು ಜಾಲರಿಯಿಂದ ಎತ್ತುತ್ತಿದ್ದ. ಜಳವ್ಯಾ ಹಿಂಡಿದ ಕಬ್ಬಿನ ಒಣ ಚಿಪಾಡವನ್ನು ತೆಕ್ಕೆತೆಕ್ಕೆಯಾಗಿ ಒಲೆಯ ಬಾಯಿಗೆ ತುರುಕುತ್ತಿದ್ದ. ತಮ್ಮನ ಮೊಮ್ಮಕ್ಕಳು ಮೂವರು, ಮೂವರೂ ಪುಣೆಯಿಂದ ಬಂದವರು, ನನ್ನ ಕಂಬಳಿಯೊಳಗೆ ಅರ್ಧರ್ಧ ತೂರಿಕೊಂಡಿದ್ದರು.

“ಅಜ್ಜಾ, ನೀ ಚೀನಾದಾಗ ರಾಜನ ಮನಿ ನೋಡಿದ್ಯಂತ. ಅದನ್ನ ಹೇಳು” ಅಂದಳು ನಡುವಿನವಳು.

ಚೀನಾದ್ದು ಹೇಳಬೇಕಾದರೆ ಕೊಲ್ಲಾಪುರದ್ದು ಹೇಳಬೇಕಾಗುತ್ತದೆ. ಕೊಲ್ಲಾಪುರದ್ದು ಹೇಳಹೊರಟರೆ ಇದೇ ಒಲೆಯ ಮುಂದೆ, ನಾನು ಅವಳಷ್ಟೇ ದೊಡ್ಡವನಿದ್ದಾಗ ನಡೆದ ಒಂದು ರಾತ್ರಿಯನ್ನೂ ಹೇಳಬೇಕಾಗುತ್ತದೆ. ಹದ ಬರಲು ಇನ್ನೂ ಹೊತ್ತಿತ್ತು. ಹೇಳಿದೆ.

2012ರ ಜೂನ್ ತಿಂಗಳು. ಇಚಲಕರಂಜಿಯ ಮಗ್ಗದ ಕಾರಖಾನೆಯವರು ನಾವು ಕೆಲವರು ಗುಂಪು ಕಟ್ಟಿಕೊಂಡು ಶಾಂಘಾಯ್‌ಗೆ ಹೋಗಿದ್ದೆವು. ಅಲ್ಲಿ ಜವಳಿ ಯಂತ್ರಗಳ ದೊಡ್ಡ ಪ್ರದರ್ಶನ. ಇಚಲಕರಂಜಿಗೆ ಮೊದಲ ಪಾವರ್‌ಲೂಮ್ ಬಂದದ್ದು 1904ರಲ್ಲಿ. ಅಂದಿನಿಂದ ಖಟಕ್ ಖಟಕ್ ಅಂತ ಅತ್ತಿಂದಿತ್ತ ಓಡುವ ಧೋಟಾದ ಸದ್ದಿನಲ್ಲೇ ಆ ಊರಿನ ಮೂರು ತಲೆಮಾರು ಊಟ ಮಾಡಿವೆ. ಶಾಂಘಾಯ್‌ನಲ್ಲಿ ಧೋಟಾ ಇಲ್ಲದ, ಗಾಳಿಯಿಂದಲೇ ನೂಲು ಚಿಮ್ಮಿಸುವ ಮಗ್ಗಗಳನ್ನು ನೋಡಿದೆವು. ಬೆಲೆ ಕೇಳಿ ಚಹಾ ಕುಡಿದೆವು. ಮರಳುವ ಮುಂಚೆ ಎರಡು ದಿನ ಬೀಜಿಂಗ್ ನೋಡುವುದೆಂದಾಯಿತು.

ಊರ ವಾಯವ್ಯಕ್ಕೆ ಚಕ್ರವರ್ತಿಗಳ ಬೇಸಿಗೆ ಅರಮನೆಯ ತೋಟವಿದೆ. ಹೆಸರು ಯಿಹೆಯುವಾನ್. ಸುಮಾರು 290 ಹೆಕ್ಟೇರ್. ಅದರಲ್ಲಿ ಮುಕ್ಕಾಲು ಪಾಲು ನೀರೇ. ಕುನ್‌ಮಿಂಗ್ ಸರೋವರದ ದಂಡೆಯಲ್ಲಿ ನಿಂತಾಗ ನಮ್ಮವರೊಬ್ಬರು “ಆಪಲಾ ರಂಕಾಳಾ”, ನಮ್ಮ ಕೊಲ್ಲಾಪುರದ ಕೆರೆ, ಎಂದರು. ಆಚೆ ದಡ ಕಾಣದ್ದು ನೋಡಿ ತಾವೇ ಸುಮ್ಮನಾದರು. ಪೂರ್ವದ ದಂಡೆಯ ಮೇಲೆ, ನೀರಿಗೆ ಅಂಟಿಕೊಂಡಂತೆ, ಒಂದು ಚೌಕಿಮನೆ. ಯುಲಾನ್‌ತಾಂಗ್ ಅಂತ ಅದರ ಹೆಸರು. ಪಚ್ಚೆ ಅಲೆಗಳ ಮನೆ ಎಂದು ಅರ್ಥವಂತೆ. ನಡುವೆ ಕಲ್ಲು ಹಾಸಿದ ಅಂಗಳ, ಎದುರಿಗೆ ದಕ್ಷಿಣಕ್ಕೆ ಮುಖಮಾಡಿದ ದೊಡ್ಡ ಪಡಸಾಲೆ, ಎಡಬಲಕ್ಕೆ ಒಂದೊಂದು ಕೋಣೆ. ಹಂಚು ಬೇರೆ, ಬಣ್ಣ ಬೇರೆ. ಆದರೆ ಹೊಸ್ತಿಲು ದಾಟಿದ ಕೂಡಲೇ ಕಾಲಿಗೆ ಗೊತ್ತಾಯಿತು, ಇದು ವಾಡೆ. ನಮ್ಮ ಗಡಹಿಂಗ್ಲಜದ ಮನೆಯಂಥದೇ.

ಕೈಯಲ್ಲಿ ಸಣ್ಣ ಹಳದಿ ಬಾವುಟ ಹಿಡಿದ ಹುಡುಗಿಯೊಬ್ಬಳು ನಮಗೆ ತೋರಿಸುತ್ತಿದ್ದಳು. 1750ರಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿ ಕಟ್ಟಿಸಿದ್ದು. 1860ರಲ್ಲಿ ಇಂಗ್ಲಿಷರು, ಫ್ರೆಂಚರು ದಂಡೆತ್ತಿ ಬಂದಾಗ ಸುಟ್ಟುಹೋದದ್ದು. ಆ ದಂಡಿನಲ್ಲಿ ನಿಮ್ಮ ದೇಶದ ಸಿಪಾಯಿಗಳೂ ಇದ್ದರು ಅಂತ ಅವಳು ನಗುತ್ತಲೇ ಹೇಳಿದಳು. ನಾವು ಹಂಚು ನೋಡಿದೆವು. 1892ರಲ್ಲಿ ಮತ್ತೆ ಕಟ್ಟಿದರು. ಆಗ ಈ ಮನೆ ನಾಲ್ಕೂ ದಿಕ್ಕಿಗೆ ಹಾಯುವಂಥದು. ಪೂರ್ವದ ಕೋಣೆ ಹಾದು ಹೋದರೆ ದರ್ಬಾರು. ಪಶ್ಚಿಮದ ಕೋಣೆ ಹಾದರೆ ದೋಣಿಕಟ್ಟೆ. ಹಿಂದೆ ರಾಣಿಯ ಮನೆ. ಗಾಳಿ ಕೆರೆಯಿಂದ ಬಂದು ದರ್ಬಾರಿನ ಕಡೆ ಹೋಗುತ್ತಿತ್ತು.

“ಈಗ ಇಲ್ಲಿ ಇಣುಕಿ ನೋಡಿ” ಅಂದಳು ಹುಡುಗಿ.

ಪಶ್ಚಿಮದ ಕೋಣೆಯ ಕೆತ್ತನೆಯ ಬಾಗಿಲಲ್ಲಿ ಇಣುಕಿದೆ. ಒಳಗೆ ಒಂದು ಹೆಜ್ಜೆಯಾಚೆ ಇಟ್ಟಿಗೆಯ ಗೋಡೆ. ಬಣ್ಣವಿಲ್ಲ, ಚಿತ್ರವಿಲ್ಲ. ಇಷ್ಟು ಕುಸುರಿಯ ಮನೆಯಲ್ಲಿ ದನದ ಕೊಟ್ಟಿಗೆಗೆ ಕಟ್ಟಿದಂಥ ಗೋಡೆ. ಪೂರ್ವದ ಕೋಣೆಯಲ್ಲೂ ಹಾಗೇ. ಗೋಡೆಯಾಚೆ ಕೆರೆಯಿದೆ, ನೀರಿನ ಸದ್ದೂ ಇಲ್ಲ.

1898ರ ಕಥೆ ಅದು. ಗುವಾಂಗ್‌ಶು ಚಕ್ರವರ್ತಿಯನ್ನು ನಾಲ್ಕು ವರ್ಷ ತುಂಬುವ ಮೊದಲೇ ಪಟ್ಟಕ್ಕೆ ಕೂರಿಸಿದವಳು ಅವನ ದೊಡ್ಡಮ್ಮ, ತ್ಸುಶಿ. ಮಗು ಗಾದಿಯ ಮೇಲೆ, ಅಧಿಕಾರ ದೊಡ್ಡಮ್ಮನ ಕೈಯಲ್ಲಿ. ಇಪ್ಪತ್ತಾರು ವರ್ಷದವನಾದಾಗ ಅವನಿಗೆ ದೇಶ ಬದಲಿಸಬೇಕೆನಿಸಿತು. ಶಾಲೆ, ಪರೀಕ್ಷೆ, ಸೈನ್ಯ, ಕಚೇರಿ ಎಲ್ಲಕ್ಕೂ ದಿನಕ್ಕೊಂದು ಹುಕುಂ. ಜೂನ್ 11ರಿಂದ ಸೆಪ್ಟೆಂಬರ್ 21ರವರೆಗೆ, 103 ದಿನ. ನೂರಾಮೂರನೆಯ ದಿನ ದೊಡ್ಡಮ್ಮ ಅಧಿಕಾರ ವಾಪಸು ತೆಗೆದುಕೊಂಡಳು. ಚಕ್ರವರ್ತಿಯ ಪ್ರಕೃತಿ ಸರಿಯಿಲ್ಲ ಎಂದು ಊರಿಗೆಲ್ಲ ಸಾರಿದರು. ಒಳ್ಳೆಯ ವೈದ್ಯರಿದ್ದರೆ ಕಳಿಸಿಕೊಡಿ ಎಂದು ಪ್ರಾಂತಗಳಿಗೆ ಬರೆದರು. ಫ್ರೆಂಚ್ ವೈದ್ಯನೊಬ್ಬ ಬಂದು ನಾಡಿ ಹಿಡಿದು ನೋಡಿಯೂ ಹೋದ. ಬೀಜಿಂಗ್ ಕೋಟೆಯಲ್ಲಿದ್ದಾಗ ನಡುಗಡ್ಡೆಯ ಮನೆಯೊಂದರಲ್ಲಿ, ದೊಡ್ಡಮ್ಮ ತೋಟಕ್ಕೆ ಬಂದಾಗ ಜೊತೆಗೆ ತಂದು ಇಲ್ಲಿ, ಈ ಗೋಡೆಗಳೊಳಗೆ, ಅವನನ್ನು ಕೂಡಿಟ್ಟರು. ಹತ್ತು ವರ್ಷ. 1908ರ ನವೆಂಬರ್ 14ರಂದು ಅವನು ಸತ್ತ. ಮರುದಿನ ಅವಳೂ ಸತ್ತಳು. ನೂರು ವರ್ಷದ ಮೇಲೆ, 2008ರಲ್ಲಿ, ಚೀನಾದ ವಿಜ್ಞಾನಿಗಳು ಅವನ ಕೂದಲು ಪರೀಕ್ಷಿಸಿ ಪಾಷಾಣ ಹಾಕಿದ್ದರೆಂದು ಹೇಳಿದರು.

ನಮ್ಮ ಗುಂಪಿನ ಒಬ್ಬರು ನನ್ನ ಕಿವಿಯಲ್ಲಿ ಕೇಳಿದರು: “ಯೇಡಾ ಹೋತಾ ಕಾಯ್?” ಹುಚ್ಚ ಇದ್ದನೇನು?

ಆ ಮಾತು ಕೇಳಿದ್ದೇ ತಡ, ಬೀಜಿಂಗಿನ ಅಂಗಳ ಹಿಂದೆ ಸರಿಯಿತು. ಮೂವತ್ತನಾಲ್ಕು ವರ್ಷದ ಹಿಂದಿನ ಒಲೆ ಮುಂದೆ ಬಂತು.

1978. ನಾನು ಏಳನೇ ಇಯತ್ತೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಶಾಲೆಯ ಸಹಲು ಕೊಲ್ಲಾಪುರಕ್ಕೆ ಹೊರಟಿತ್ತು. ಬೆಳಿಗ್ಗೆ ಕತ್ತಲಲ್ಲೇ ಎಸ್‌.ಟಿ. ಬಸ್ಸು. ಗಡಹಿಂಗ್ಲಜ ಬಿಟ್ಟು ಸಂಕೇಶ್ವರ ಬಂದರೆ ಕರ್ನಾಟಕ, ನಿಪ್ಪಾಣಿ ದಾಟಿ ಕಾಗಲ ಬಂದರೆ ಮತ್ತೆ ಮಹಾರಾಷ್ಟ್ರ. ಪಾಟಿ ಮೇಲಿನ ಅಕ್ಷರ ಬದಲಾದಾಗೊಮ್ಮೆ ನಾವು ಹುಡುಗರು “ಹೋ” ಅಂತ ಕೂಗುತ್ತಿದ್ದೆವು. ಮಹಾಲಕ್ಷ್ಮಿ, ರಂಕಾಳಾ, ಭವಾನಿ ಮಂಟಪ ಮುಗಿಸಿ, ಮಧ್ಯಾಹ್ನ ಕಸಬಾ ಬಾವಡಾ ಹಾದಿಯ ಹೊಸ ಅರಮನೆ. ನ್ಯೂ ಪ್ಯಾಲೇಸ್ ಅಂತಲೇ ಎಲ್ಲರೂ ಅನ್ನುವುದು. ಕೆಳಗಿನ ಅಂತಸ್ತು ವಸ್ತುಸಂಗ್ರಹಾಲಯವಾಗಿ ಜನಕ್ಕೆ ತೆರೆದು ಆಗ ನಾಲ್ಕೇ ವರ್ಷ.

ನುಣುಪಾದ ಕರಿಕಲ್ಲಿನ ಅರಮನೆ. ಎಂಟು ಮೂಲೆ, ಮೂಲೆಮೂಲೆಗೆ ಗೋಪುರ, ನಡುವೆ ಎಲ್ಲಕ್ಕಿಂತ ಎತ್ತರದ ಗಡಿಯಾರ. ಸುತ್ತ ತೋಟ, ಕೆರೆ, ಬೇಲಿಯೊಳಗೆ ಜಿಂಕೆಗಳು. ದರ್ಬಾರಿನಲ್ಲಿ ಶಿವಾಜಿ ಮಹಾರಾಜರ ಕಥೆಯ ಬಣ್ಣದ ಗಾಜು, ಅದರಿಂದ ನೆಲದ ಮೇಲೆ ಬಿದ್ದ ಕೆಂಪು ನೀಲಿ. ನಮ್ಮ ಕಣ್ಣೆಲ್ಲ ಇದ್ದದ್ದು ಹುಲಿಗಳ ಮೇಲೆ. ಬೇಟೆಯಲ್ಲಿ ಹೊಡೆದು, ಒಳಗೆ ತುಂಬಿ ನಿಲ್ಲಿಸಿದ ಹುಲಿ, ಚಿರತೆ, ಕರಡಿ. ಒಬ್ಬ ಹುಡುಗ ಹುಲಿಯ ಹಲ್ಲು ಮುಟ್ಟಿ ಕಾವಲುಗಾರನ ಕೈಯಿಂದ ತಲೆಗೊಂದು ತಿಂದ. ಹಿಂದಿರುಗುವಾಗ ಬಸ್ಸಿನ ತುಂಬ ಅದೇ ಸುದ್ದಿ.

ರಾತ್ರಿ ಮನೆಗೆ ಹೋಗದೆ ನೇರ ಗಾಣಕ್ಕೆ ಓಡಿದೆ. ಅಜ್ಜ ಒಲೆಯ ಮುಂದೆ ಇದ್ದ.

“ಏನ್ ನೋಡಿದ್ಯೋ ತಮ್ಮಾ?”

“ಹುಲಿ.”

“ಹುಲಿ ನೋಡಾಕ ಅರಮನಿಗೆ ಯಾಕ ಹೋಗಬೇಕು. ಆ ಅರಮನಿ ಯಾರಿಗಂತ ಕಟ್ಟಿದ್ರು, ಗೊತ್ತೈತೇನು?”

“ಶಾಹೂ ಮಹಾರಾಜರಿಗೆ.”

“ಅಲ್ಲ” ಅಂದ ಅಜ್ಜ. ಕಬ್ಬಿನ ತುಂಡೊಂದನ್ನು ಸಿಗಿದು ನನ್ನ ಕೈಗಿಟ್ಟ. “ಕೂಡು.”

ಅಜ್ಜ ನಾಲ್ಕನೆಯ ಇಯತ್ತೆ ಓದಿದವ. ಆದರೆ ಅವನ ಅಪ್ಪ ವಾರವಾರ ಕೇಸರಿ ಪತ್ರಿಕೆ ಓದಿಸಿಕೊಂಡು ಕೇಳುತ್ತಿದ್ದವ. ಆ ಕಥೆಗಳೆಲ್ಲ ಅಜ್ಜನ ಬಾಯಲ್ಲಿದ್ದವು. ಅವನು ಹೇಳಿದ್ದು ಹೀಗೆ.

ಕೊಲ್ಲಾಪುರದ ಗಾದಿಯ ಮೇಲೆ ರಾಜಾರಾಮ ಮಹಾರಾಜ ಅಂತ ಇಪ್ಪತ್ತರ ಹುಡುಗ. ವಿಲಾಯತಿಗೆ ಹೋಗಿ, ರಾಣಿಯನ್ನು ನೋಡಿ, ತಿರುಗಿ ಬರುವಾಗ ಇಟಲಿಯ ಫ್ಲಾರೆನ್ಸಿನಲ್ಲಿ ತೀರಿಕೊಂಡ. 1870, ನವೆಂಬರ್ 30. ಅರ್ನೋ ಹೊಳೆಗೆ ಇನ್ನೊಂದು ಹೊಳೆ ಕೂಡುವಲ್ಲಿ, ಸಂಗಮದ ದಂಡೆಯ ಮೇಲೆ, ಆ ಊರಿನವರು ಹಿಂದೆಂದೂ ನೋಡಿರದ ಹಾಗೆ, ನಮ್ಮ ಪದ್ಧತಿಯಲ್ಲಿ ದಹನ ಮಾಡಿದರು. ಮುಂದೆ ಅಲ್ಲಿ ಛತ್ರಿ ಕಟ್ಟಿದರು. ಗಂಡುಮಕ್ಕಳಿಲ್ಲ. ಹಾಗಾಗಿ ನಾರಾಯಣರಾವ್ ಅಂತ ಎಂಟು ವರ್ಷದ ಭೋಸಲೆ ಹುಡುಗನನ್ನು 1871ರಲ್ಲಿ ದತ್ತಕ ತಂದು ನಾಲ್ಕನೆಯ ಶಿವಾಜಿ ಅಂತ ಹೆಸರಿಟ್ಟರು.

“ಆ ಹೆಸರು ಹೊರೂದಂದ್ರ ಸಣ್ಣ ಮಾತಲ್ಲ” ಅಂದ ಅಜ್ಜ. “ಹುಡುಗ ಆಡಾಕ ಹೋಗ್ಯಾನ, ಆ ಹೆಸರು ಅಡ್ಡ ಬಂದೈತಿ.”

ಹುಡುಗನಿಗಾಗಿ 1877ರಲ್ಲಿ ಹೊಸ ಅರಮನೆಗೆ ಕೈಹಾಕಿದರು. ನಕ್ಷೆ ಬರೆದವನು ಮೇಜರ್ ಮ್ಯಾಂಟ್. ಫ್ಲಾರೆನ್ಸಿನ ಛತ್ರಿಯ ನಕ್ಷೆಯೂ ಅವನದೇ. ಒಂದು ಕಡೆ ಕಲ್ಲು ಏರುತ್ತ ಹೋಯಿತು. ಇನ್ನೊಂದು ಕಡೆ ಹುಡುಗನ ಸುತ್ತ ಕಾವಲು ಬಿಗಿಯಾಯಿತು. ಮಾಸ್ತರರೂ ಸಾಹೇಬರು, ವೈದ್ಯರೂ ಸಾಹೇಬರು, ಕಾರಭಾರ ನೋಡುವ ದಿವಾಣ ಮಾಧವರಾವ್ ಬರ್ವೆ. ಮಹಾರಾಜರ ತಲೆ ಸರಿಯಿಲ್ಲ ಅಂತ ಸರಕಾರ ಬರೆಯಿತು. ತಲೆ ಕೆಡಿಸುತ್ತಿದ್ದಾರೆ ಅಂತ ಪುಣೆಯ ಕೇಸರಿ, ಮರಾಠಾ ಪತ್ರಿಕೆಗಳು ಬರೆದವು. ದಿವಾಣರು ಅಬ್ರೂ ಖಟ್ಲೆ ಹಾಕಿದರು. ಪತ್ರಿಕೆಯವರ ಕೈಯಲ್ಲಿದ್ದ ಕಾಗದಗಳು ಖೊಟ್ಟಿ ಅಂತ ಸಿದ್ಧವಾಯಿತು. ಆ ಪತ್ರಿಕೆಗಳನ್ನು ನಡೆಸುತ್ತಿದ್ದ ಟಿಳಕ, ಆಗರಕರ ಇಬ್ಬರೂ 1882ರಲ್ಲಿ ಮುಂಬೈಯ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದರು. ಆಗರಕರರು ಹೊರಬಂದು ಆ 101 ದಿನಗಳದೇ ಪುಸ್ತಕ ಬರೆದರು.

“ರಾಜಾನ ಸಲುವಾಗಿ ಬರದವರು ನೂರಾ ಒಂದು ದಿವಸಕ್ಕ ಹೊರಗ ಬಂದ್ರು. ರಾಜಾ ಬರಲಿಲ್ಲ” ಅಂದ ಅಜ್ಜ.

ಮಹಾರಾಜರನ್ನು ಅಹಮದನಗರಕ್ಕೆ ಸಾಗಿಸಿದ್ದರು. ಹವೆ ಬದಲಾವಣೆ, ಔಷಧ, ಆರೈಕೆ, ಅವರ ಒಳ್ಳೆಯದಕ್ಕೆ. ಅವರನ್ನು ನೋಡಿಕೊಳ್ಳಲು ಇಟ್ಟದ್ದು ಗ್ರೀನ್ ಎಂಬ ಗೋರಾ ಸಿಪಾಯಿಯನ್ನು. 1883ರ ಡಿಸೆಂಬರ್ 25, ಸಾಹೇಬರ ಹಬ್ಬದ ದಿನ, ಆ ಸಿಪಾಯಿಯ ಜೊತೆ ಕೈಕೈ ಮಿಲಾಯಿಸಿ ಮಹಾರಾಜರು ಸತ್ತರು. ಇಪ್ಪತ್ತು ವರ್ಷ. ಮ್ಯಾಂಟ್ ಸಾಹೇಬ ಅದಕ್ಕೂ ಎರಡು ವರ್ಷ ಮುಂಚೆ ಸತ್ತಿದ್ದ. ತಾನು ಕಟ್ಟಿದ ಕಟ್ಟಡಗಳೆಲ್ಲ ಬೀಳುತ್ತವೆ ಅನ್ನುವ ಭಯ ತಲೆಗೆ ಹತ್ತಿ ಹೋದನೆಂದು ಜನ ಹೇಳುತ್ತಾರೆ. ಅರಮನೆ ಮುಗಿದದ್ದು 1884ರಲ್ಲಿ. ಕಟ್ಟಿದವನಿಲ್ಲ, ಇರಬೇಕಾದವನಿಲ್ಲ, ಗಡಿಯಾರ ನಡೆದಿತ್ತು. ಅದೇ ವರ್ಷ ಮಾರ್ಚಿನಲ್ಲಿ ಕಾಗಲದ ಘಾಟಗೆ ಮನೆತನದಿಂದ ಇನ್ನೊಬ್ಬ ಹುಡುಗ ದತ್ತಕ ಬಂದ. ತಾಯಿ ನಮ್ಮ ಕನ್ನಡ ಸೀಮೆಯ ಮುಧೋಳದ ಮಗಳು. ಆ ಹುಡುಗನೇ ಶಾಹೂ.

“ಅದಕ್ಕೂ ಮುಂಚೆ ಇದೇ ರಾಜಮನಿತನದ ಚಿಮಾಸಾಹೇಬರನ್ನ ಹಿಂಗ ಒಯ್ದಿದ್ರು” ಅಂದ ಅಜ್ಜ. “ಐವತ್ತೇಳರ ದಂಗೆ ಆದಮ್ಯಾಲ. ಕರಾಚಿಗೆ. ಅಲ್ಲೇ ಸತ್ರು. ಅವರಿಗೆ ದಂಗೆಕೋರ ಅಂದ್ರು, ಇವರಿಗೆ ಹುಚ್ಚ ಅಂದ್ರು. ದಂಗೆಕೋರ ಅಂದ್ರ ಜನ ಎದ್ದು ಕೇಳ್ತಾರ. ಹುಚ್ಚ ಅಂದ್ರ ಯಾರೂ ಕೇಳೂದಿಲ್ಲ.”

ಒಲೆ ಭರ್ರನೆ ಉರಿಯುತ್ತಿತ್ತು. ನಾನು ಕಬ್ಬು ಜಗಿಯುವುದು ಬಿಟ್ಟು ಕೇಳಿದೆ:

“ನಮ್ಮ ಸಣ್ಣಜ್ಜನ್ನ ಇಟ್ಟೀರಲ್ಲ, ಹಂಗೇನು?”

ಸಣ್ಣಜ್ಜ ಅಂದರೆ ಅಜ್ಜನ ತಮ್ಮ. ಹರೆಯದಲ್ಲಿ ಇಚಲಕರಂಜಿಗೆ ಹೋಗಿ ಮಗ್ಗದ ಮೇಲೆ ದುಡಿಯುತ್ತಿದ್ದ. ಒಂದು ದಿನ ಹೇಳದೆ ಕೇಳದೆ ಊರಿಗೆ ನಡೆದೇ ಬಂದನಂತೆ. ಆಮೇಲೆ ಮಾತಿಲ್ಲ. ರಾತ್ರಿ ಎದ್ದು ಹಿರಣ್ಯಕೇಶಿ ಹೊಳೆಗೆ ಹೋಗುತ್ತಿದ್ದ. ಒಮ್ಮೆ ಮಳೆಗಾಲದ ತುಂಬು ಹೊಳೆಯಿಂದ ಎತ್ತಿ ತಂದರು. ಅಂದಿನಿಂದ ಅಂಗಳದ ಪಶ್ಚಿಮಕ್ಕಿದ್ದ ಕೋಣೆ ಅವನದು. ಬಾಗಿಲಿಗೆ ಹೊರಗಿನಿಂದ ಚಿಲಕ. ಎರಡು ಹೊತ್ತು ಆಯಿ ಗಂಗಾಳದಲ್ಲಿ ಊಟ ಒಯ್ಯುತ್ತಿದ್ದಳು. ಹಬ್ಬಕ್ಕೆ ಹೊಸ ಧೋತರ. ಹೊಡೆದದ್ದಿಲ್ಲ, ಬೈದದ್ದಿಲ್ಲ. ನಾನು ಹುಟ್ಟುವ ಮೊದಲಿನಿಂದ ಆ ಚಿಲಕ ಅಲ್ಲಿತ್ತು. ಬಾಗಿಲೆಂದರೆ ಚಿಲಕ ಹೊರಗೇ ಇರುವುದು ಅಂತ ನಾನು ತಿಳಿದಿದ್ದೆ.

ಅಜ್ಜ ನನ್ನ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು “ಅವನ ಒಳ್ಳೇದಕ್ಕ, ತಮ್ಮಾ” ಅಂದ.

“ಸಾಹೇಬ್ರೂ ಹಂಗ ಅಂದಿದ್ರಂತಲ್ಲ?”

ಸೊಕ್ಕಿನ ಮಾತಲ್ಲ ಅದು. ಹನ್ನೆರಡು ವರ್ಷದವನಿಗೆ ಕಥೆ ನಿಂತುಹೋಗುತ್ತದೆ ಅನ್ನುವ ಚಿಂತೆ, ಅಷ್ಟೇ. ಆದರೆ ಕಥೆ ನಿಂತಿತು. ಅಜ್ಜ ಚಿಪಾಡದ ಒಂದು ಕಡ್ಡಿ ಎತ್ತಿಕೊಂಡು ಮುರಿದ, ಮತ್ತೆ ಮುರಿದ, ಕೈಯಲ್ಲಿ ಹಿಡಿಯಲು ಏನೂ ಉಳಿಯದಷ್ಟು ಮುರಿದ. ಅಷ್ಟರಲ್ಲಿ ಗುಳವ್ಯಾ “ಹದಾ ಬಂತು!” ಅಂತ ಕೂಗಿದ. ಹದ ಬಂದಾಗ ರಾಜನಾದರೂ ಏಳಬೇಕು. ಗಳಿಗೆ ತಪ್ಪಿದರೆ ಬೆಲ್ಲ ಕರಕು. ಎಲ್ಲರೂ ಎದ್ದು ಕಾಹಿಲಿಗೆ ಕೈಹಚ್ಚಿದರು. ಅಜ್ಜನೂ ಎದ್ದ. ಬೆಲ್ಲ ಸುರಿದಾದ ಮೇಲೆ ಅವನು ಒಲೆಯ ಮುಂದೆ ಬರಲಿಲ್ಲ. ಹೊಲದ ಬದುವಿನ ಮೇಲೆ ಒಬ್ಬನೇ ಕೂತಿದ್ದನ್ನು ಕಂದೀಲಿನ ಬೆಳಕಿನಲ್ಲಿ ಕಂಡೆ.

ಮರುದಿನ ಮಧ್ಯಾಹ್ನ ಶಾಲೆಯಿಂದ ಬಂದಾಗ ಅಂಗಳದಲ್ಲಿ ಬಡಿಗ್ಯಾ ಕೂತಿದ್ದ. ಪಶ್ಚಿಮದ ಬಾಗಿಲಿನ ಚಿಲಕ ಬಿಚ್ಚಿ ನೆಲದ ಮೇಲಿಟ್ಟಿದ್ದ. ಆಯಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.

“ರಾತ್ರಿ ಹೊಳಿಗೆ ಹ್ವಾದ್ರ ಏನ್ ಮಾಡ್ತೀರಿ?”

“ನಾ ಕಾಯ್ತೀನಿ.”

“ಎಷ್ಟ್ ದಿನಾ?”

ಅಜ್ಜ ಅದಕ್ಕೆ ಉತ್ತರ ಕೊಡಲಿಲ್ಲ. ಅದೇ ಚಿಲಕವನ್ನು ಬಾಗಿಲಿನ ಒಳಮೈಗೆ ಹೊಡೆಯಲು ಹೇಳಿದ. ಆ ರಾತ್ರಿಯಿಂದ ತನ್ನ ಹಾಸಿಗೆಯನ್ನು ಪಡಸಾಲೆಯಿಂದ ತೆಗೆದು ತಮ್ಮನ ಬಾಗಿಲ ಮುಂದೆ ಹಾಸಿಕೊಂಡ. ಚಿಲಕ ಹೋದ ಜಾಗಕ್ಕೆ ಅವನ ನಿದ್ದೆ ಬಂತು ಅನ್ನಬೇಕು. ರಾತ್ರಿ ನೀರಿಗೆ ಎದ್ದಾಗ ನೋಡಿದರೆ ಅಜ್ಜನ ಕಣ್ಣು ತೆರೆದೇ ಇರುತ್ತಿತ್ತು.

ಮೂರು ದಿನ ಸಣ್ಣಜ್ಜ ಹೊಸ್ತಿಲು ದಾಟಲಿಲ್ಲ. ನಾಲ್ಕನೆಯ ರಾತ್ರಿ ಗಾಣದಲ್ಲಿ ನಾವೆಲ್ಲ ಕೂತಿದ್ದಾಗ, ಕತ್ತಲಿನಿಂದ ಎದ್ದು ಬಂದವನಂತೆ ಬಂದು, ಒಲೆಯ ಪಕ್ಕದ ಬೂದಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ಹಿಂದೆ ಹತ್ತು ಮಾರು ದೂರದಲ್ಲಿ ಅಜ್ಜ ನಿಂತಿದ್ದ. ಯಾರೂ ಮಾತಾಡಲಿಲ್ಲ. ಗುಳವ್ಯಾ ಎಂದಿನ ಹಾಗೆ ಕಬ್ಬಿನ ತುಂಡಿಗೆ ಬಿಸಿ ಬೆಲ್ಲ ಸುತ್ತಿ ಎಲ್ಲರಿಗೂ ಕೊಟ್ಟ, ಸಣ್ಣಜ್ಜನಿಗೂ ಕೊಟ್ಟ. ಸಣ್ಣಜ್ಜ ಊದಿ ಊದಿ ತಿಂದ. ಬಾಯಿ ಸುಟ್ಟುಕೊಂಡು “ಹಾ” ಅಂದ. ನಾನು ಅವನ ದನಿ ಕೇಳಿದ್ದು ಅದೇ ಮೊದಲು. ತಿಂದು, ಕೈ ಒರೆಸಿಕೊಂಡು, ಎದ್ದು ಮನೆಗೆ ನಡೆದ. ಹಿಂದೆಯೇ ಅಜ್ಜ. ಸಣ್ಣಜ್ಜ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಅಂಗಳದ ತುಂಬ ಕೇಳಿಸಿತು.

ಅವನು ವಾಸಿಯಾದ ಅಂತ ಹೇಳಲಾರೆ. ಮಾತು ಬರಲಿಲ್ಲ. ಎರಡು ಸಲ ಹೊಳೆಯ ಹಾದಿ ಹಿಡಿದದ್ದೂ ಉಂಟು. ಎರಡೂ ಸಲ ಅಜ್ಜ ಯಾರನ್ನೂ ಎಬ್ಬಿಸದೆ, ಕೂಗದೆ, ಹಿಂದೆ ಹಿಂದೆ ನಡೆದು, ದಂಡೆಯ ಮೇಲೆ ಜೊತೆಗೆ ಕೂತು, ಬೆಳಗಾದ ಮೇಲೆ ಕರೆದುಕೊಂಡು ಬಂದ. ನಾಲ್ಕು ವರ್ಷದ ಮೇಲೆ ಜ್ವರ ಬಂದು ಸಣ್ಣಜ್ಜ ಅದೇ ಕೋಣೆಯಲ್ಲಿ ತೀರಿಕೊಂಡ. ಅಂದು ಚಿಲಕ ಹಾಕಿರಲಿಲ್ಲ. ಅಜ್ಜ ತನ್ನ ಹಾಸಿಗೆಯನ್ನು ಪಡಸಾಲೆಗೆ ಮರಳಿಸಲೇ ಇಲ್ಲ.

ಬೀಜಿಂಗಿನಲ್ಲಿ ನಾನು ಆ ಇಟ್ಟಿಗೆಗಳನ್ನು ಬಹಳ ಹೊತ್ತು ನೋಡುತ್ತ ನಿಂತದ್ದು ಇದಕ್ಕೆ. ಬಾವುಟದ ಹುಡುಗಿ ಮುಂದೆ ಹೋಗಿ ಮತ್ತೆ ನನಗಾಗಿ ಹಿಂದೆ ಬರಬೇಕಾಯಿತು. ಇಷ್ಟು ದೊಡ್ಡ ರಾಜ್ಯದಲ್ಲಿ ಅವನ ಬಾಗಿಲ ಮುಂದೆ ಹಾಸಿಗೆ ಹಾಸುವ ಒಬ್ಬನೂ ಇರಲಿಲ್ಲವಲ್ಲ ಅನ್ನಿಸಿತು. ಕಾಯುವುದಕ್ಕಿಂತ ಕಟ್ಟುವುದು ಅಗ್ಗ. ಒಮ್ಮೆ ಇಟ್ಟಿಗೆ ಇಟ್ಟರೆ ಯಾರೂ ಎಚ್ಚರಿರಬೇಕಾಗಿಲ್ಲ.

ಊರಿಗೆ ಬಂದ ವಾರದಲ್ಲೇ ಇಚಲಕರಂಜಿಯ ರಾಜವಾಡೆಗೆ ಕೆಲಸವೊಂದಕ್ಕೆ ಹೋಗಬೇಕಾಯಿತು. ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಅರಮನೆ ಅದು. ಬಾಳಕೃಷ್ಣಬುವಾರಂಥ ಗವಾಯಿಗಳಿಗೆ ಆಶ್ರಯ ಕೊಟ್ಟ ಸಂಸ್ಥಾನ. 1982ರಲ್ಲಿ ಹುಟ್ಟಿದ ಡಿ.ಕೆ.ಟಿ.ಇ. ಜವಳಿ ಕಾಲೇಜು ಇರುವುದು ಅಲ್ಲೇ. ಜಾಬರನ ಮಗ, ಕಾಂಡಿ ಸುತ್ತುವವಳ ಮಗಳು, ಕಾರಖಾನೆದಾರನ ಮಗ ಒಂದೇ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದ್ದರು. ಒಬ್ಬ ಹುಡುಗ ಬಾಗಿಲು ಕಾಲಿನಿಂದ ತಳ್ಳಿ ಒಳಗೆ ಹೋದ. ಅರಮನೆಯ ಬಾಗಿಲು ಅಂತ ಅವನಿಗೆ ಖಬರೂ ಇರಲಿಲ್ಲ. ನನಗೆ ಅದು ಬಹಳ ಸೇರಿತು.

ನಾನು ಹೇಳಿ ಮುಗಿಸುವಷ್ಟರಲ್ಲಿ ಕಾಹಿಲಿಯ ಗುಳ್ಳೆಗಳು ದಪ್ಪಗಾಗಿದ್ದವು. ಸಣ್ಣವನು ಕಂಬಳಿಯಲ್ಲಿ ನಿದ್ದೆ ಹೋಗಿದ್ದ. ನಡುವಿನವಳು ಮಾತ್ರ ಕಣ್ಣು ಮಿಟುಕಿಸದೆ ಕೂತಿದ್ದಳು.

“ಆ ಬಾಗಲಾ ಇನ್ನೂ ಐತೇನು ಅಜ್ಜಾ?”

“ಐತಿ. ನೀವು ಬ್ಯಾಗ್ ಇಟ್ಟೀರಲ್ಲ, ಅದೇ ಕ್ವಾಣಿ.”

ಬೆಳಿಗ್ಗೆ ನಾನು ಏಳುವ ಮೊದಲೇ ಅವಳು ಆ ಬಾಗಿಲ ಮುಂದೆ ನಿಂತಿದ್ದಳು. ಹೊರಮೈಯ ಮೇಲೆ, ಅವಳ ಎದೆಯ ಎತ್ತರಕ್ಕೆ, ಹಳೇ ಮೊಳೆಗಳ ಎರಡು ತೂತು. ಒಂದರೊಳಗೆ ಬೆರಳು ಹಾಕಿ ತಿರುಗಿಸಿ, ಥಟ್ಟನೆ ಹೊರಗೆಳೆದುಕೊಂಡಳು.

“ಅಜ್ಜಾ, ಇದರಾಗ ಇರಬಿ ಮನಿ ಮಾಡ್ಯಾವು!”

“ಇರಲಿ ಬಿಡು” ಅಂದೆ. “ಚಹಾ ಕುಡಿಯಾಕ ಬಾ.”